ಯೆಹೆಜ್ಕೇಲನ ಆಲಯವನ್ನು ಚರ್ಚಿನ ಅಂಗಳದಲ್ಲಿ ಅಳೆದು ಬಿಡಿಸುವುದು

ಬೈಬಲಿನ ಯೆಹೆಜ್ಕೇಲ ಗ್ರಂಥದ 40ರಿಂದ 43ನೇ ಅಧ್ಯಾಯದವರೆಗೆ ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಆಲಯದ ಅಳತೆಗಳಿವೆ. ಓದುವಾಗ ಈ ಅಂಕಿಗಳನ್ನು ಹಾರಿಸಿಬಿಡುವವರೇ ಹೆಚ್ಚು. ಆದರೆ ಆ ದರ್ಶನದ ಅರ್ಥ ಅಂಕಿಗಳಲ್ಲೇ ಇದೆ. ಕಲಬುರಗಿ, ಬೀದರ್ ಕಡೆಯ ಸಂಡೇ ಸ್ಕೂಲ್ ಮಕ್ಕಳಿಗೆ ಇದನ್ನು ನೆಲದ ಮೇಲೆ ಬಿಡಿಸಿ ತೋರಿಸುವುದೇ ಒಳ್ಳೆಯದು. ಎರೆ ನೆಲವಾದರೆ ಸುಣ್ಣದ ಗೆರೆ ಎದ್ದು ಕಾಣುತ್ತದೆ.

ಮೊದಲು ಮೊಳ ಗೊತ್ತಾಗಬೇಕು. ಇಲ್ಲಿನದು ಉದ್ದ ಮೊಳ: ಸಾಮಾನ್ಯ ಮೊಳಕ್ಕೆ ಅಂಗೈ ಅಗಲ ಸೇರಿಸಿದ್ದು, ಸುಮಾರು 52 ಸೆಂ.ಮೀ. ಅಂಥ 6 ಮೊಳಕ್ಕೆ ಒಂದು ಅಳತೆಕೋಲು. ನಮ್ಮ ನಕ್ಷೆಗೆ 1 ಮೊಳ ಅಂದರೆ 2 ಸೆಂ.ಮೀ. ಒಣಗಿದ ಜೋಳದ ದಂಟನ್ನು 12 ಸೆಂ.ಮೀ.ಗೆ ಕತ್ತರಿಸಿದರೆ ಕೋಲು ಸಿದ್ಧ.

ಆಲಯದ ಆವರಣ 500 ಮೊಳದ ಚೌಕ, ಅಂದರೆ 10 ಮೀಟರ್. ಟೇಪ್ ಹಿಡಿದೇ ಅಳೆಯಿರಿ, ನೂಲಿನ ದಾರ ಎಳೆದರೆ ಹಿಗ್ಗುತ್ತದೆ. ಎರಡೂ ಕರ್ಣ 14.14 ಮೀಟರ್ ಬರದಿದ್ದರೆ ಮೂಲೆ ಓರೆಯಾಗಿದೆ, ಸರಿಪಡಿಸಿಯೇ ಮುಂದೆ ಹೋಗಿ. ಒಂದು ಕೋಲು ದಪ್ಪದ ಗೋಡೆ ಗೆರೆಯ ಒಳಗೆ ಬರಬೇಕು. ಹೊರಗೆ ಬಿಡಿಸಿದರೆ ಎಲ್ಲ ಲೆಕ್ಕ ತಪ್ಪುತ್ತದೆ.

ಉತ್ತರದಿಂದ ದಕ್ಷಿಣಕ್ಕೆ, ಮೊಳದ ಲೆಕ್ಕದಲ್ಲಿ: ಹೆಬ್ಬಾಗಿಲು 50, ಹೊರಗಣ ಪ್ರಾಕಾರ (ಅಂಗಳ) 100, ಒಳಬಾಗಿಲು 50, ಒಳಗಣ ಪ್ರಾಕಾರ 100, ಮತ್ತೆ 50, 100, 50. ಪೂರ್ವದಿಂದ ಪಶ್ಚಿಮಕ್ಕೆ: 50, 100, 50, ಒಳಗಣ ಪ್ರಾಕಾರ 100, ಆಲಯ 100, ಹಿಂದಿನ ಬಯಲೂ ಕಟ್ಟಡವೂ ಸೇರಿ 100. ಎರಡೂ ಕೂಡಿದರೆ 500. 42ನೇ ಅಧ್ಯಾಯದ ಹೀಬ್ರೂ ಪಾಠದಲ್ಲಿ 500 ಕೋಲು ಎಂದಿದೆ. ಹಾಗಾದರೆ 3000 ಮೊಳ, ಈ ಮೊತ್ತಕ್ಕೆ ಹೊಂದುವುದಿಲ್ಲ. ಮೊಳ ಎಂದು ಹಿಡಿಯುವುದೇ ಸರಿ.

ಈಗ ಕರ್ಣಗಳನ್ನು ಎಳೆಯಿರಿ. ಅವು ಸೇರುವುದು ಆಲಯದ ತೀರಾ ಒಳಗಿನ ಕೋಣೆಯಾದ ಮಹಾಪರಿಶುದ್ಧಸ್ಥಳದಲ್ಲಲ್ಲ, ಒಳಗಣ ಪ್ರಾಕಾರದ ನಡುವೆ. ಆಲಯದ ಮುಂದಿನ ಯಜ್ಞವೇದಿಯ ಜಾಗ ಅದು. ಇಡೀ ನಕ್ಷೆಯಲ್ಲಿ ಮಕ್ಕಳಿಗೆ ಬೆರಳಿಟ್ಟು ತೋರಿಸಬೇಕಾದ ಬಿಂದು ಇದೇ: ಪಾಪಪರಿಹಾರದ ಸ್ಥಳ ಎಲ್ಲದರ ಕೇಂದ್ರದಲ್ಲಿದೆ. ಜನರು ಈ ಮಾದರಿಯನ್ನು ಅಳೆದು ತಮ್ಮ ಅಧರ್ಮಕ್ಕೆ ನಾಚಿಕೊಳ್ಳಲಿ ಎಂದು 43:10ರಲ್ಲಿ ಹೇಳಿರುವುದನ್ನು ಇಲ್ಲೇ ನಿಂತು ಓದಿಸಿ.

ನಂತರ ಬಾಗಿಲುಗಳು. ಆಲಯದ ಒಳ ಅಗಲ 20 ಮೊಳ. ಅದರ ಮುಂದಿನ ಕೋಣೆಯಾದ ಪರಿಶುದ್ಧಸ್ಥಳದ ಬಾಗಿಲು 10, ಅದರ ಎರಡು ಬದಿಗೆ ಐದೈದು. ಮಹಾಪರಿಶುದ್ಧಸ್ಥಳದ ಬಾಗಿಲು 6, ಬದಿಗೆ ಏಳೇಳು. ಹೊರಬಾಗಿಲಿಗೆ 7 ಮೆಟ್ಟಿಲು, ಒಳಬಾಗಿಲಿಗೆ 8. ಒಳಹೋದಷ್ಟೂ ಎತ್ತರ ಹೆಚ್ಚು, ದಾರಿ ಕಿರಿದು.

ಥರ್ಮೋಕೋಲಿನಲ್ಲಿ ಕಟ್ಟಲು ಹೊರಟವರು ಹಿಂದೆ ಸೊಲೊಮೋನ ರಾಜ ಯೆರೂಸಲೇಮಿನಲ್ಲಿ ಕಟ್ಟಿಸಿದ ಆಲಯದ 30 ಮೊಳ ಎತ್ತರವನ್ನು ಇಲ್ಲಿಗೆ ತಂದು ಹಾಕುತ್ತಾರೆ. ಬೇಡ. ಹೊರಗೋಡೆಯ ಎತ್ತರ ಒಂದು ಕೋಲು ಎಂದಿದೆ, ಆಲಯದ ಛಾವಣಿಯ ಎತ್ತರ ಎಲ್ಲೂ ಹೇಳಿಲ್ಲ. ಛಾವಣಿ ಹಾಕದೆ ಬಯಲಾಗಿಯೇ ಬಿಡಿ.