ನನ್ನ ಕಿರುಚಿತ್ರ ಯಾರಿಗೆ ಅಂತ ಗೊತ್ತಾಗಿದ್ದು

ಪ್ರಾಜೆಕ್ಟ್ ಫಾರ್ಮ್‌ನಲ್ಲಿ ‘ಪ್ರೇಕ್ಷಕರು ಯಾರು?’ ಅನ್ನುವ ಕಡೆ ನಾನು ‘60 ದಾಟಿದವರು’ ಅಂತ ಬರೆದಿದ್ದೆ. ನನ್ನದು ಕಿವಿ ಮಂದವಾಗುತ್ತಿರುವ ಒಬ್ಬ ಅಮ್ಮನ ಕತೆ. ಕೇಳಿಸದಿದ್ದರೂ ಕೇಳಿಸಿದಂತೆ ತಲೆಯಾಡಿಸುತ್ತಾಳೆ, ಕಿವಿ ಮಷಿನ್ ಬಚ್ಚಿಡುತ್ತಾಳೆ. ವಯಸ್ಸಾದವರ ಕತೆ, ನೋಡುವವರೂ ಅವರೇ ಅಲ್ವಾ ಅಂದುಕೊಂಡಿದ್ದೆ.

14 ನಿಮಿಷದ ರಫ್ ಕಟ್ (ದೃಶ್ಯಗಳ ಮೊದಲ ಒರಟು ಜೋಡಣೆ) ಆದ ಮೇಲೆ ಆ ವಯಸ್ಸಿನ ಆರು ಜನರಿಗೆ ತೋರಿಸಿದೆ. ನಾನು ಪರದೆ ಪಕ್ಕ ಕೂತು ಅವರ ಮುಖ ನೋಡುತ್ತಿದ್ದೆ. ಇದನ್ನು ಮಾತ್ರ ಯಾರೂ ತಪ್ಪಿಸಬೇಡಿ. ಪರದೆ ನೋಡುತ್ತಾ ಕೂತರೆ ನಮ್ಮ ಕೆಟ್ಟ ಶಾಟ್‌ಗಳೇ ಕಣ್ಣಿಗೆ ಬೀಳುತ್ತವೆ. ಮುಖ ನೋಡಿದರೆ ಯಾರು ಎಲ್ಲಿ ಮುಂದಕ್ಕೆ ಬಾಗಿದರು, ಎಲ್ಲಿ ಫೋನ್ ತೆಗೆದರು ಅಂತ ತಿಳಿಯುತ್ತದೆ. ಹೇಗಿತ್ತು ಅಂದರೆ ಎಲ್ಲರೂ ಚೆನ್ನಾಗಿತ್ತು ಅಂದರು. ಅದರಿಂದ ನನಗೇನೂ ಸಿಗಲಿಲ್ಲ. ‘ಇದನ್ನ ಯಾರಿಗೆ ತೋರಿಸ್ತೀರಿ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ, ‘ನಮಗ್ಯಾಕಮ್ಮ ತೋರಿಸ್ತೀಯ? ನಾವು ದಿನಾ ಅನುಭವಿಸ್ತಾ ಇದ್ದೀವಲ್ಲ. ನನ್ನ ಮಗನಿಗೆ ತೋರಿಸು’ ಅಂದರು. ಉಳಿದವರೂ ಮಗ, ಮಗಳು, ಸೊಸೆ ಅಂತಲೇ ಹೇಳಿದರು.

60 ಹೊಡೆದುಹಾಕಿ ‘25ರಿಂದ 40’ ಅಂತ ಬರೆದು ಸುಮ್ಮನಾಗಬಹುದಿತ್ತು. ಆದರೆ ಬರೀ ವಯಸ್ಸು ಇಟ್ಟುಕೊಂಡು ಎಡಿಟಿಂಗ್‌ನಲ್ಲಿ ಒಂದು ಕಟ್ ಕೂಡ ತೀರ್ಮಾನಿಸಲು ಆಗುವುದಿಲ್ಲ. ಹೀಗೆ ಬರೆದೆ: ‘ಅಪ್ಪ ಅಮ್ಮನಿಂದ ದೂರ ಇರುವ, ಫೋನಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಬೇಕಾದಾಗ ರೇಗುವ ಮಕ್ಕಳು.’

ಅಂಥ ಎಂಟು ಜನರನ್ನು ಹುಡುಕಿದೆ. ಸ್ನೇಹಿತರನ್ನು ಕರೆಯಲಿಲ್ಲ, ಅವರು ಹೊಗಳುತ್ತಾರೆ. ಅಮ್ಮನ ಕಿವಿಯಿಂದ ಕೇಳುವ ದೃಶ್ಯ ಬಂದ ಕೂಡಲೇ ಒಬ್ಬ ವಾಲ್ಯೂಮ್ ಜಾಸ್ತಿ ಮಾಡಲು ಕೈ ಚಾಚಿದ. ಇನ್ನೊಬ್ಬಳು ‘ಸ್ಪೀಕರ್ ಹೋಗಿದೆಯಾ?’ ಅಂದಳು. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಕೈಕೊಡುವುದು ಏರುಸ್ವರಗಳು. ‘ಸ’, ‘ಶ’, ‘ಫ’ದಂಥ ಸದ್ದುಗಳು ಇರುವುದು ಅಲ್ಲೇ. ಹಾಗಾಗಿ ದನಿ ಕೇಳುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಅದನ್ನು ತೋರಿಸಲು ಲೋ-ಪಾಸ್ ಫಿಲ್ಟರ್ ಹಾಕಿ 1000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನೆಲ್ಲ ತಗ್ಗಿಸಿದ್ದೆ. ಹಿರಿಯರಿಗೆ ಹೇಳದೆಯೇ ಅರ್ಥವಾಗಿತ್ತು. ಮಕ್ಕಳಿಗೆ ಅದು ಸೌಂಡಿನ ತಪ್ಪು ಅನ್ನಿಸಿತು. ಅಮ್ಮ ಮಷಿನ್ ತೆಗೆದು ಸೆರಗಿನಲ್ಲಿ ಸುತ್ತುವ ಮೂರು ಸೆಕೆಂಡಿನ ಕ್ಲೋಸಪ್ಪನ್ನು ಆ ದೃಶ್ಯಕ್ಕೆ ಮುಂಚೆ ಇಟ್ಟೆ. ಮುಂದಿನ ಸಲ ಯಾರೂ ವಾಲ್ಯೂಮ್ ಮುಟ್ಟಲಿಲ್ಲ.

ಇವರು ನೋಡುವುದು ಫೋನಿನಲ್ಲಿ. ಅದರ ಪುಟ್ಟ ಸ್ಪೀಕರ್‌ನಲ್ಲಿ ತಗ್ಗುಸ್ವರ ಸರಿಯಾಗಿ ಬರುವುದಿಲ್ಲ, ನನ್ನ ದೃಶ್ಯ ಹೆಚ್ಚುಕಡಿಮೆ ಮೂಕವಾಗಿತ್ತು. ಫಿಲ್ಟರನ್ನು 2000 ಹರ್ಟ್ಸ್‌ಗೆ ಏರಿಸಿದೆ. ಸಬ್‌ಟೈಟಲ್ ದಪ್ಪ ಮಾಡಿದೆ. ಅಮ್ಮ ಒಬ್ಬಳೇ ಓಡಾಡುವ ಮೊದಲ ಎರಡು ನಿಮಿಷ ತೆಗೆದು, ಮಗಳ ಕರೆಯಿಂದಲೇ ಶುರು ಮಾಡಿದೆ. ಬೇರೆ ಕಡೆಯೂ ಕತ್ತರಿಸಿದ ಮೇಲೆ ಸಿನಿಮಾ 9 ನಿಮಿಷಕ್ಕೆ ಇಳಿಯಿತು. ಚಿತ್ರೋತ್ಸವದವರು ನನಗೆ ಎರಡನೇ ಪ್ರೇಕ್ಷಕರು, ಅವರಿಗೂ ಈ ಉದ್ದ ತೊಂದರೆಯಿಲ್ಲ.

ಒಂದನ್ನು ಮಾತ್ರ ಸರಿಮಾಡಲು ಆಗಲಿಲ್ಲ. ಇಡೀ ಚಿತ್ರದಲ್ಲಿ ಮಗಳ ಮುಖವೇ ಇಲ್ಲ, ಬರೀ ದನಿ. ರೇಗಿದ ಮೇಲೆ ಅವಳಿಗೆ ಹೇಗಾಯಿತು ಅಂತ ಎಂಟರಲ್ಲಿ ಐದು ಜನ ಕೇಳಿದರು. ಮತ್ತೆ ಶೂಟ್ ಮಾಡಲು ದಿನ ಉಳಿದಿರಲಿಲ್ಲ. ಈಗ ಮುಂದಿನ ಕತೆ ಬರೆಯುತ್ತಿದ್ದೇನೆ. ಎರಡೇ ಪುಟ ಆಗಿದೆ. ಕ್ಯಾಮೆರಾ ಮಾತು ಎತ್ತುವ ಮೊದಲೇ ನಾಲ್ಕು ಜನರಿಗೆ ಓದಿ ಹೇಳಿ, ಯಾರಿಗೆ ತೋರಿಸ್ತೀರಿ ಅಂತ ಕೇಳಿದ್ದೇನೆ.