ಬ್ಯಾನಿ ಎಷ್ಟಾಣಿ ಐತಿ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಟೊಂಕನೋವಿನ ಬಗ್ಗೆ ಸಣ್ಣದೊಂದು ಅಧ್ಯಯನ ಮಾಡೋಣ ಅಂತ ಹೊರಟಾಗ ನನ್ನ ಕೈಯಲ್ಲಿ ಅಚ್ಚುಕಟ್ಟಾದ ಫಾರ್ಮ್ ಇತ್ತು. ನಾನು ಫಿಸಿಯೋಥೆರಪಿಸ್ಟ್. 3 ತಿಂಗಳಿಗಿಂತ ಜಾಸ್ತಿ ಇರುವ, ಇಲ್ಲವೇ ಹೋಗಿ ಮತ್ತೆ ಮತ್ತೆ ಬರುವ ನೋವನ್ನು ನಾವು ದೀರ್ಘಕಾಲದ ನೋವು ಅನ್ನುತ್ತೇವೆ. ಫಾರ್ಮಿನ ಮೊದಲ ಪ್ರಶ್ನೆ: ನೋವೇ ಇಲ್ಲ ಅಂದ್ರೆ 0, ತಡೆಯೋಕೇ ಆಗಲ್ಲ ಅಂದ್ರೆ 10. ನಿಮ್ಮದು ಎಷ್ಟು?

ಮೊದಲ ದಿನ ಎಲ್ಲರೂ ಹತ್ತು ಅಂದರು. ಒಬ್ಬಾಕೆ ಹತ್ತು ಅನ್ನುತ್ತಲೇ ಎದ್ದು ಹೋಗಿ ಇನ್ನೊಂದು ಚೀಲ ಎಳೆದುಕೊಂಡು ಬಂದಳು! ಕಡಿಮೆ ಹೇಳಿದರೆ ಗುಳಿಗೆ ಸಿಗಲ್ಲ ಅಂದ್ಕೊಂಡಿದ್ದರಂತೆ. ಮರುದಿನ ಜೊತೆಗಿದ್ದ ಆಶಾ ಕಾರ್ಯಕರ್ತೆ ತಾವೇ ಕೇಳಿದರು: "ಯವ್ವಾ, ಬ್ಯಾನಿ ರೂಪಾಯಿಗೆ ಎಷ್ಟಾಣಿ ಐತಿ?" ಥಟ್ಟನೆ ಉತ್ತರ ಬಂತು. "ಮುಂಜಾನೆ ನಾಕಾಣಿ ಇರತೈತ್ರಿ, ಹೊತ್ತು ಮುಣಗೋದ್ರಾಗ ಹನ್ನೆರಡಾಣಿ." 1957ರಲ್ಲಿ ನಯಾ ಪೈಸೆ ಬಂದು, ರೂಪಾಯಿಗೆ ಹದಿನಾರು ಆಣೆ ಅನ್ನುವ ಲೆಕ್ಕ ಮುಗಿಯಿತು. ಅದಾದ ಮೇಲೆ ಹುಟ್ಟಿದವರ ಬಾಯಲ್ಲೂ ಅದು ಇನ್ನೂ ಇದೆ.

ಇನ್ನೊಂದು ತಪ್ಪು ಕೂಡ ಆಗ ಕಂಡಿತು. ನನ್ನ ಫಾರ್ಮಿನಲ್ಲಿ ಇದ್ದದ್ದು 'ನೋವು' ಅನ್ನುವ ಒಂದೇ ಮಾತು. ಅವರ ಬಳಿ ಚಳಕು, ಸೆಳೆತ, ಜೋಮು, ಉರಿ ಎಲ್ಲ ಬೇರೆ ಬೇರೆ. ಟೊಂಕದಿಂದ ಚಳಕು ಕಾಲಿಗಿಳಿದು ಪಾದ ಜೋಮು ಹಿಡಿಯುತ್ತದೆ ಅಂದರೆ ನರ ಒತ್ತಿರಬಹುದು ಅಂತ ನಾನು ಎಚ್ಚರವಾಗುತ್ತೇನೆ. ಮೂತ್ರ ಹಿಡಿತ ತಪ್ಪುವುದು, ಕಾಲಿನ ಶಕ್ತಿ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವ್ಯಾಯಾಮದ ಮಾತೇ ಇಲ್ಲ, ಅವತ್ತೇ ದೊಡ್ಡಾಸ್ಪತ್ರೆಗೆ. ಹೆಚ್ಚಿನವರದ್ದು ಇಂಥದ್ದಲ್ಲ.

ಆಮೇಲೆ ನನ್ನ ಸಲಹೆಗಳ ಸರದಿ. "ನೆಲದ ಮೇಲೆ ಬಹಳ ಹೊತ್ತು ಕೂರಬೇಡಿ" ಅಂದೆ. ಎಲ್ಲರೂ ನಕ್ಕರು. "ಕಿಲೋ ಲೆಕ್ಕದಾಗ ಪಗಾರ ಐತ್ರಿ ಮೇಡಂ. ನೀವ ಬಂದು ಬಿಡಸ್ತೀರೇನು?" ಹಟಕ್ಕೆ ಬಿದ್ದು ಅವರ ಜೊತೆ ಕೂತೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ, ಘಾಟಿಗೆ ಮಾತ್ರ ಅದು ಗೊತ್ತಿಲ್ಲ. ಒಂದು ತಾಸಿಗೇ ಸೀನಿ ಸೀನಿ ನನ್ನ ಟೊಂಕವೂ ಹಿಡಿಯಿತು. ಸಲಹೆ ಬದಲಾದದ್ದು ಅಲ್ಲೇ. ಪುಟ್ಟಿ ತುಂಬಿದಾಗ ತೂಕಕ್ಕೆ ಹೇಗೂ ಏಳಬೇಕು. ಆಗ ಕೈ ಟೊಂಕದ ಮೇಲಿಟ್ಟು ಐದು ಸಲ ಹಿಂದಕ್ಕೆ ಬಾಗಿ, ಒಂದು ಸುತ್ತು ನಡೆದು ಬನ್ನಿ ಅಂದೆ. ಕೂರೋಕೆ ಮಣೆ. ಕಾಲು ಆಗಾಗ ಬದಲಿಸೋದು. ಇಷ್ಟೇ. ಪಗಾರಕ್ಕೆ ಪೆಟ್ಟಿಲ್ಲ ಅಂದ ಮೇಲೆ ಮಾಡತೊಡಗಿದರು.

ಸ್ಕ್ಯಾನ್ ಕಾಗದದ ಹೆದರಿಕೆ ಬಿಡಿಸೋದು ಇದಕ್ಕಿಂತ ಕಷ್ಟ. "ಮಣಿ ಸವದಾವಂತ, ಇನ್ ಮುಗೀತು" ಅಂತ ಒಬ್ಬರು ಮನೆ ಕೆಲಸವನ್ನೂ ಬಿಟ್ಟು ಮಲಗಿದ್ದರು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೋವೇ ಇಲ್ಲದ 50ರ ವಯಸ್ಸಿನವರಲ್ಲೂ 100ಕ್ಕೆ 80 ಜನರ ಬೆನ್ನಿನ ಮಣಿಗಳ ನಡುವಿನ ಡಿಸ್ಕ್ ಸವೆದಿರುವುದು ಕಂಡಿತ್ತು. ತಲೆಗೂದಲು ನೆರೆದ ಹಾಗೆ, ಅಲ್ವಾ? ಹಾಗಾದ್ರೆ ನೋವು ಯಾಕೆ ಅಂತ ಕೇಳ್ತಾರೆ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಅಲ್ಲಾಡಿದರೂ ಬೊಗಳುತ್ತೆ. ಬಹಳ ದಿನ ನೋವುಂಡ ನರಗಳೂ ಹಾಗೇ. ನಿದ್ದೆ ಕೆಟ್ಟರೆ, ಮನೆಯಲ್ಲಿ ಚಿಂತೆ ಇದ್ದರೆ ಬೊಗಳೋದು ಇನ್ನೂ ಜಾಸ್ತಿ.

ಟೊಂಕಕ್ಕೆ ಕಟ್ಟುವ ಬೆಲ್ಟನ್ನು ಹಿಂದೆ ನಾನೂ ಕೊಡಿಸಿದ್ದೇನೆ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಟೊಂಕನೋವಿಗೆ ವ್ಯಾಯಾಮ, ತಿಳಿವಳಿಕೆ ಇವೆ. ಬೆಲ್ಟು, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಅಂದಿದೆ. ಕೊಡಿಸಿದವರ ಮನೆಗೆ ಹೋಗಿ ಹಾಗಂತ ಹೇಳುವಾಗ ಸಂಕೋಚವಾಯಿತು. ಸೂಜಿಯ ವಿಷಯ ಇನ್ನೂ ಸೂಕ್ಷ್ಮ. "ಒಂದ್ ಸೂಜಿ ಮಾಡಸ್ಕೊಂಡ್ರ ಎರಡ್ ದಿನ ದುಡೀಬಹುದು" ಅನ್ನುವವರಿಗೆ ಸುಮ್ನೆ ಬೇಡ ಅಂದರೆ ಆಗಲ್ಲ. ನೋವಿನ ಗುಳಿಗೆ, ಸೂಜಿ ತಿಂಗಳುಗಟ್ಟಲೆ ನಡೆದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು ಅಂತ ಹೇಳುತ್ತೇನೆ. ಕೆಲವರು ಬಿಟ್ಟಿದ್ದಾರೆ, ಕೆಲವರು ನನಗೆ ಹೇಳದೆ ಹೋಗಿ ಬರ್ತಾರೆ.

ಈಗ ಎರಡನೇ ಪ್ರಶ್ನೆಯಾಗಿ, ನೋವಿನಿಂದ ಯಾವ ಕೆಲಸ ಬಿಟ್ಟಿದ್ದೀರಿ ಅಂತ ಕೇಳುತ್ತೇನೆ. ಮಲಗಿಬಿಟ್ಟಿದ್ದಾಕೆ ಹೇಳಿದ್ದು ರೊಟ್ಟಿ ಬಡಿಯೋದು. ದಿನಕ್ಕೆ ಎರಡು ರೊಟ್ಟಿಯಿಂದ ಶುರು ಮಾಡಿಸಿ ವಾರಕ್ಕೊಂದು ಹೆಚ್ಚಿಸಿದೆವು. ಮೊನ್ನೆ ಹೋದಾಗ ಒಲೆ ಮುಂದೆ ಕೂತಿದ್ದರು. ಬ್ಯಾನಿ ಎಷ್ಟು ಅಂದೆ. "ಹನ್ನೆರಡಾಣಿ ಇತ್ತಲ್ರೀ, ಈಗ ಹತ್ತಾಣಿ. ರೊಟ್ಟಿ ಎಂಟಾದುವು ನೋಡ್ರಿ" ಅಂದರು. ರಾತ್ರಿ ಕೂತು ಅದನ್ನು ಫಾರ್ಮಿಗೆ ಇಳಿಸಬೇಕು. ಹತ್ತಾಣೆ ಅಂದರೆ ಆರೂ ಕಾಲು. ಫಾರ್ಮಿನಲ್ಲಿ ಕಾಲಿಗೆ ಜಾಗವಿಲ್ಲ, ರೊಟ್ಟಿಗೆ ಅಂಚಿನಲ್ಲಿ ನಾನೇ ಒಂದು ಗೆರೆ ಹಾಕಿಕೊಂಡಿದ್ದೇನೆ.