ಕೆಂಪು ಸಿಲಿಂಡರೋ ನೀಲಿಯೋ: ಬ್ರಿಟನ್ನಿನಿಂದ ಕ್ಯಾರವಾನ್ ಕಟ್ಟಿಕೊಂಡು ಹೊರಡುವ ಕನ್ನಡಿಗರಿಗೆ

ಊರಿನಲ್ಲಿ ಗ್ಯಾಸ್ ಎಂದರೆ ಒಂದೇ. ಕೆಂಪು ಬಣ್ಣದ 14.2 ಕೆಜಿ ಸಿಲಿಂಡರ್, ಮೇಲೆ ಟಕ್ಕೆಂದು ಕೂರುವ ರೆಗ್ಯುಲೇಟರ್, ಖಾಲಿಯಾದರೆ ಏಜೆನ್ಸಿಗೆ ಬುಕ್ಕಿಂಗ್. ಒಳಗಿರುವುದು ಬ್ಯೂಟೇನೋ ಪ್ರೊಪೇನೋ ಎಂದು ಯಾರೂ ಕೇಳುವುದಿಲ್ಲ. ಅದು ಎರಡರ ಬೆರಕೆ. ಮೈಸೂರಿನ ಜನವರಿಯಲ್ಲೂ ಉರಿಯುತ್ತದೆ, ರಾಯಚೂರಿನ ಮೇ ತಿಂಗಳಿನಲ್ಲೂ ಉರಿಯುತ್ತದೆ. ಅದೇ ನೆಮ್ಮದಿಯನ್ನು ಜೊತೆಗಿಟ್ಟುಕೊಂಡು ನಾನು ಇಂಗ್ಲೆಂಡಿನಲ್ಲಿ ಒಂದು ಹಳೆಯ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಕೊಂಡೆ. ಮೊದಲಿನ ಮಾಲೀಕರು ಅದರೊಂದಿಗೆ ನೀಲಿ ಸಿಲಿಂಡರ್ ಒಂದನ್ನು ಬಿಟ್ಟುಕೊಟ್ಟಿದ್ದರು. ಗ್ಯಾಸ್ ಗ್ಯಾಸೇ ತಾನೇ ಎಂದುಕೊಂಡೆ.

ಅಕ್ಟೋಬರ್ ಕೊನೆಯ ವಾರ ಮಕ್ಕಳಿಗೆ ಶಾಲೆಯ ರಜೆ. ಸ್ಕಾಟ್ಲೆಂಡಿನ ಗ್ಲೆನ್‌ಕೋಗೆ ಹೋದೆವು. ಬೆಳಗಿನ ಏಳು ಗಂಟೆ, ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಉರಿ ಕುಗ್ಗುತ್ತಾ ಬಂತು, ಬರ್ನರಿನ ಸುತ್ತ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆಗಳಾಗಿ ನಿಂತಿತು, ಆಮೇಲೆ ಅವೂ ಒಂದೊಂದಾಗಿ ಆರಿದವು. ಸಿಲಿಂಡರ್ ಎತ್ತಿ ಅಲ್ಲಾಡಿಸಿದರೆ ಒಳಗೆ ಗುಳುಗುಳು ಸದ್ದು. ಮುಕ್ಕಾಲು ಪಾಲು ತುಂಬಿಯೇ ಇತ್ತು. ಪಕ್ಕದ ಕ್ಯಾರವಾನಿನ ಹಿರಿಯರೊಬ್ಬರು ನನ್ನ ಪಾಡು ನೋಡಿ ಹತ್ತಿರ ಬಂದರು. ನೀಲಿ ಬಣ್ಣ ಕಂಡದ್ದೇ ನಕ್ಕು, "ಇದು ಬೇಸಿಗೆಯ ಗ್ಯಾಸ್" ಎಂದರು. ಅರ್ಧ ಹುರಿದ ರವೆಯನ್ನು ಅವರ ಒಲೆಯ ಮೇಲೆ ಹುರಿದು ಮುಗಿಸಿದೆ. ಉಪ್ಪಿಟ್ಟನ್ನು ಅವರೂ ತಿಂದರು, ಹಸಿಮೆಣಸಿನಕಾಯಿ ಬದಿಗಿಟ್ಟು.

ಅವರು ಅಂದು ಹೇಳಿಕೊಟ್ಟದ್ದು ಇಷ್ಟು. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಕುದಿದು ಆವಿಯಾದರೆ ಮಾತ್ರ ಒಲೆಗೆ ಬರುತ್ತದೆ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಯುರೋಪಿನ ಯಾವ ಕ್ಯಾಂಪ್‌ಸೈಟಿನ ಚಳಿಯೂ ಅದನ್ನು ಅಲ್ಲಾಡಿಸುವುದಿಲ್ಲ. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿಯಷ್ಟು ಕೆಳಗೆ. ನೀರು ಹೆಪ್ಪುಗಟ್ಟುವ ಚಳಿ ಬಂತೆಂದರೆ ಬ್ಯೂಟೇನ್ ಕೊಡದಲ್ಲಿನ ನೀರಿನಂತೆ ಸುಮ್ಮನೆ ಕುಳಿತಿರುತ್ತದೆ. ಸಾಲದ್ದಕ್ಕೆ, ಗ್ಯಾಸ್ ಎಳೆದಷ್ಟೂ ಉಳಿದ ದ್ರವ ತಾನೇ ತಣ್ಣಗಾಗುತ್ತಾ ಹೋಗುತ್ತದೆ. ಹಾಗಾಗಿ ಹೊರಗಿನ ಹವೆ ನಾಲ್ಕೈದು ಡಿಗ್ರಿಗೆ ಇಳಿದಾಗಲೇ ತೊಂದರೆ ಶುರುವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗ್ಯಾಸ್ ಮುಗಿಯುತ್ತಾ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನ ಟಬ್ಬಿನಲ್ಲಿ ನಿಲ್ಲಿಸುವುದು ನಮ್ಮ ಎಷ್ಟೋ ಮನೆಗಳ ಹಳೆಯ ಉಪಾಯ. ಅದನ್ನು ಇಲ್ಲಿಗೆ ತರಬೇಡಿ. ಊರಿನಲ್ಲೂ ಮಾಡಬಾರದು, ಆ ಮಾತು ಬೇರೆ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ, ಒಲೆಯಲ್ಲಿ ಉರಿ ಆಳೆತ್ತರ ಏಳುತ್ತದೆ.

ಬಣ್ಣದ ಲೆಕ್ಕ

ಬ್ರಿಟನ್ನಿನಲ್ಲಿ ಎಲ್ಲೆಡೆ ಕಾಣುವ ಹೆಸರು ಕ್ಯಾಲರ್. ಅವರ ನೀಲಿ ಸಿಲಿಂಡರಿನಲ್ಲಿ ಬ್ಯೂಟೇನ್, ಕೆಂಪಿನಲ್ಲಿ ಪ್ರೊಪೇನ್. ಕ್ಯಾರವಾನಿನಲ್ಲಿ ಸಿಲಿಂಡರ್ ಇಡುವ ಪೆಟ್ಟಿಗೆಯಲ್ಲಿ ಸಲೀಸಾಗಿ ಕೂರುವುದು 7 ಕೆಜಿ ನೀಲಿ ಅಥವಾ 6 ಕೆಜಿ ಕೆಂಪು. ಎರಡರ ಗಾತ್ರವೂ ಒಂದೇ. ಪ್ರೊಪೇನಿನ ಸಾಂದ್ರತೆ ಕಡಿಮೆಯಾದ್ದರಿಂದ ಒಂದು ಕೆಜಿ ಕಡಿಮೆ ಹಿಡಿಯುತ್ತದೆ. ಆ ಒಂದು ಕೆಜಿಯ ಆಸೆಗೆ ನೀಲಿ ಕೊಳ್ಳುವವರಿದ್ದಾರೆ. ನನ್ನನ್ನು ಕೇಳಿದರೆ, ಬ್ರಿಟನ್ನಿನೊಳಗೆ ತಿರುಗಾಡುವವರಿಗೆ ವರ್ಷವಿಡೀ ಕೆಂಪೇ ಸರಿ. ಜುಲೈ, ಆಗಸ್ಟಿನಲ್ಲಿ ಮಾತ್ರ ಹೊರಡುವವರಿಗೆ ನೀಲಿ ನಡೆಯುತ್ತದೆ. ಆದರೆ ಇಲ್ಲಿನ ಆಗಸ್ಟನ್ನು ನಂಬಿ ಕೆಟ್ಟವರೂ ಇದ್ದಾರೆ.

ಇಲ್ಲಿಯೂ ಸಿಲಿಂಡರ್ ನಿಮ್ಮದಲ್ಲ, ಕಂಪನಿಯದು. ನಮ್ಮ ಗ್ಯಾಸ್ ಕನೆಕ್ಷನ್ನಿನ ಠೇವಣಿ ಇದ್ದಂತೆ ಮೊದಲ ಸಲ ಹಣ ಕಟ್ಟಿ ಒಪ್ಪಂದದ ಕಾಗದ ಪಡೆಯಬೇಕು, ಆಮೇಲೆ ಖಾಲಿ ಕೊಟ್ಟು ತುಂಬಿದ್ದು ತರುವುದು. ಕ್ಯಾರವಾನ್ ಅಂಗಡಿಗೋ ಪೆಟ್ರೋಲ್ ಬಂಕಿಗೋ ನೀವೇ ಒಯ್ಯಬಹುದು. ಒಪ್ಪಂದದ ಕಾಗದವನ್ನು ಮದುವೆ ಸರ್ಟಿಫಿಕೇಟಿನ ಜೊತೆ ಇಡಿ. ಠೇವಣಿಯಲ್ಲಿ ಒಂದಷ್ಟು ವಾಪಸು ಬೇಕೆಂದರೆ ಅದನ್ನೇ ಕೇಳುತ್ತಾರೆ.

ನೀಲಿ 7 ಕೆಜಿಗೆ ರೆಗ್ಯುಲೇಟರ್ ಊರಿನಂತೆಯೇ ಒತ್ತಿ ಕೂರಿಸುವಂಥದ್ದು. ಕೆಂಪಿಗೆ ಸ್ಪ್ಯಾನರ್ ಬೇಕು, ಮತ್ತು ಅದರ ತಿರುಪು ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಮೊದಲ ದಿನ ನಾನು ಕಾಲು ಗಂಟೆ ಬಿಚ್ಚುವ ಪ್ರಯತ್ನ ಮಾಡಿ ಇನ್ನಷ್ಟು ಬಿಗಿ ಮಾಡಿಟ್ಟಿದ್ದೆ. ಜೋಡಿಸಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಕಡ್ಡಿ ಗೀರಿ ಪರೀಕ್ಷೆ ಮಾಡುವವರ ಬಗ್ಗೆ ಏನೂ ಹೇಳುವುದಿಲ್ಲ.

ನಿಮ್ಮ ಕ್ಯಾರವಾನ್ 2004ರ ಮಾದರಿಯದೋ ಆಮೇಲಿನದೋ ಆಗಿದ್ದರೆ ರೆಗ್ಯುಲೇಟರ್ ಸಿಲಿಂಡರಿನ ಮೇಲಲ್ಲ, ಗೋಡೆಗೆ ಜಡಿದಿರುತ್ತದೆ. 30 ಮಿಲಿಬಾರ್ ಒತ್ತಡದ ಅದೊಂದೇ ರೆಗ್ಯುಲೇಟರ್ ಬ್ಯೂಟೇನಿಗೂ ಪ್ರೊಪೇನಿಗೂ ಆಗುತ್ತದೆ. ಸಿಲಿಂಡರಿನ ಜಾತಿ ಬದಲಾದರೆ ಮಧ್ಯದ ಗಿಡ್ಡ ಕೊಳವೆಯನ್ನು ಮಾತ್ರ ಬದಲಿಸಿದರೆ ಸಾಕು. ಇದು ದೇವರು ಕೊಟ್ಟ ವರ. ಅದಕ್ಕಿಂತ ಹಳೆಯ ಕ್ಯಾರವಾನುಗಳಲ್ಲಿ ಬ್ಯೂಟೇನಿಗೆ 28, ಪ್ರೊಪೇನಿಗೆ 37 ಮಿಲಿಬಾರಿನ ಬೇರೆ ಬೇರೆ ರೆಗ್ಯುಲೇಟರುಗಳು ಸಿಲಿಂಡರಿನ ತಲೆಯ ಮೇಲೆ ಕೂರುತ್ತಿದ್ದವು. ಅಂಥ ಗಾಡಿ ಕೊಂಡಿದ್ದರೆ ಗ್ಯಾಸ್ ಕೆಲಸ ಬಲ್ಲ ಪರವಾನಗಿದಾರರಿಂದ ಒಮ್ಮೆ ನೋಡಿಸಿ. ಊರಿನಿಂದ ಸೂಟ್‌ಕೇಸಿನಲ್ಲಿ ರೆಗ್ಯುಲೇಟರ್ ತಂದು ಹಾಕುವ ಜಾಣತನ ಬೇಡ.

ಕಡಲು ದಾಟಿದ ಮೇಲೆ

ನಿಜವಾದ ಗೋಳು ಇಲ್ಲಿಂದ ಶುರು. ಬ್ರಿಟನ್ನಿನ ಕ್ಯಾಲರ್ ಸಿಲಿಂಡರನ್ನು ಫ್ರಾನ್ಸಿನಲ್ಲಾಗಲಿ ಸ್ಪೇನಿನಲ್ಲಾಗಲಿ ಯಾರೂ ಬದಲಿಸಿಕೊಡುವುದಿಲ್ಲ. ಯುರೋಪು ಒಂದೇ ನಾಣ್ಯ ತಂದಿತು, ಗ್ಯಾಸಿನ ಮೂತಿಯನ್ನು ಮಾತ್ರ ಒಂದು ಮಾಡಲಿಲ್ಲ. ಪ್ರತಿ ದೇಶಕ್ಕೂ ಅದರದೇ ಸಿಲಿಂಡರ್, ಅದರದೇ ತಿರುಪು. ಆದ್ದರಿಂದ ಹೊರಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವುದು ಅಗ್ಗ" ಎಂದಲ್ಲ, "ಖಾಲಿಯಾದಾಗ ಎಲ್ಲಿ ಬದಲಿಸುತ್ತೇನೆ" ಎಂದು. ಅದಕ್ಕೂ ಮೊದಲು, ಖಾಲಿಯಾಗುತ್ತದೆಯೇ?

ಲೆಕ್ಕ ಹಾಕೋಣ. ಕ್ಯಾರವಾನಿನ ಸಾಧಾರಣ ಬರ್ನರ್ ಒಂದು ಗಂಟೆ ಪೂರ್ತಿ ಉರಿದರೆ ಸುಮಾರು 140 ಗ್ರಾಂ ಗ್ಯಾಸ್. ಬೆಳಿಗ್ಗೆ ಕಾಫಿ, ತಿಂಡಿ. ಸಂಜೆ ಕುಕ್ಕರಿನಲ್ಲಿ ಅನ್ನ ಬೇಳೆ, ಒಂದು ಒಗ್ಗರಣೆ, ಒಂದು ಪಲ್ಯ. ನಮ್ಮ ನಾಲ್ಕು ಜನರ ಮನೆಗೆ ದಿನಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ, 280 ಗ್ರಾಂ. 6 ಕೆಜಿ ಸಿಲಿಂಡರ್ ಮೂರು ವಾರ ಬರುತ್ತದೆ. ಅಂದರೆ ಎರಡು ವಾರದ ಬೇಸಿಗೆ ಪ್ರವಾಸಕ್ಕೆ ಒಂದು ತುಂಬಿದ ಕೆಂಪು ಸಿಲಿಂಡರ್ ಹೊತ್ತುಕೊಂಡು ಹೋಗಿ, ಉಳಿದದ್ದನ್ನು ಹೊತ್ತು ತಂದರೆ ಮುಗಿಯಿತು. ನಮ್ಮವರಲ್ಲಿ ಬಹುಪಾಲು ಜನಕ್ಕೆ ಇದಕ್ಕಿಂತ ಹೆಚ್ಚಿನ ಏರ್ಪಾಡೇ ಬೇಕಿಲ್ಲ. ಆದರೆ ಹೀಟರ್ ಗ್ಯಾಸಿನಲ್ಲಿ ಓಡಿಸಿದರೆ ಲೆಕ್ಕ ತಲೆಕೆಳಗು. ಪೂರ್ತಿ ಏರಿಸಿದರೆ ಅದು ಗಂಟೆಗೆ ಕಾಲು ಕೆಜಿ ನುಂಗುತ್ತದೆ. ಒಂದು ಚಳಿಯ ರಾತ್ರಿಗೆ ಒಂದು ಕೆಜಿ ದಾಟಿದರೂ ಆಶ್ಚರ್ಯವಿಲ್ಲ.

ಕರೆಂಟಿನ ಒಲೆ ಒಯ್ಯುತ್ತೇನೆ, ಗ್ಯಾಸಿನ ಹಂಗೇಕೆ ಎನ್ನುವವರಿಗೆ: ಫ್ರಾನ್ಸಿನ ಎಷ್ಟೋ ಕ್ಯಾಂಪ್‌ಸೈಟುಗಳಲ್ಲಿ ಕೊಡುವುದು 6 ಆಂಪಿಯರ್. 230 ವೋಲ್ಟಿನಲ್ಲಿ ಅದು 1,380 ವಾಟ್. 2,000 ವಾಟಿನ ಇಂಡಕ್ಷನ್ ಒಲೆಯನ್ನು ಪೂರ್ತಿ ಏರಿಸಿದಿರೋ, ಟ್ರಿಪ್ ಆಗುತ್ತದೆ. ರಾತ್ರಿ ಎಂಟಕ್ಕೆ, ಕಚೇರಿ ಮುಚ್ಚಿದ ಮೇಲೆ, ಕುಕ್ಕರ್ ಎರಡನೆಯ ಕೂಗಿಗೆ ಬರುವ ಹೊತ್ತಿಗೆ.

ಒಂದು ತಿಂಗಳು, ಎರಡು ತಿಂಗಳು ತಿರುಗುವವರ ಮುಂದೆ ಮೂರು ದಾರಿಗಳಿವೆ.

ಕ್ಯಾಂಪಿಂಗ್‌ಗಾಜ್ ಹೆಸರಿನ ಪುಟ್ಟ ನೀಲಿ ಸಿಲಿಂಡರ್ ಬ್ರಿಟನ್ನಿನಲ್ಲೂ ಸಿಗುತ್ತದೆ, ಫ್ರಾನ್ಸ್, ಸ್ಪೇನ್, ಇಟಲಿಗಳಲ್ಲೂ ಬದಲಾಗುತ್ತದೆ. ಗಡಿ ದಾಟಿದರೂ ಮೂತಿ ಬದಲಾಗದ್ದು ಇದೊಂದೇ ಎನ್ನಬಹುದು. ಅದರಲ್ಲಿ ದೊಡ್ಡದಾದ 907 ನಂಬರಿನದರಲ್ಲಿಯೂ ಇರುವುದು 2.75 ಕೆಜಿ, ನಮ್ಮ ಲೆಕ್ಕದಲ್ಲಿ ಹತ್ತು ದಿನದ ಅಡುಗೆ. ಕೆಜಿ ಲೆಕ್ಕದಲ್ಲಿ ನೋಡಿದರೆ ಹೊಟ್ಟೆ ಉರಿಯುವಷ್ಟು ದುಬಾರಿ. ಒಳಗಿರುವುದು ಮುಖ್ಯವಾಗಿ ಬ್ಯೂಟೇನ್, ಹಾಗಾಗಿ ಆಲ್ಪ್ಸ್ ಪರ್ವತಕ್ಕೆ ಏಪ್ರಿಲ್‌ನಲ್ಲಿ ಹೊರಟವರಿಗೆ ನನ್ನ ಗ್ಲೆನ್‌ಕೋ ಕತೆಯೇ ಗತಿ. ಉತ್ತರದ ನಾರ್ವೆ, ಫಿನ್ಲೆಂಡ್ ಕಡೆಗೆ ಇದನ್ನು ನಂಬಿ ಹೋಗಬೇಡಿ.

ಎರಡನೆಯದು ಹೋದ ದೇಶದ ಸಿಲಿಂಡರನ್ನೇ ಕೊಳ್ಳುವುದು. ಫ್ರಾನ್ಸಿನಲ್ಲಿ ಇದು ಸುಲಭ. ಸೂಪರ್‌ಮಾರ್ಕೆಟ್ಟುಗಳ ಹೊರಗೆ ಕಬ್ಬಿಣದ ಜಾಲರಿಯೊಳಗೆ ಸಾಲಾಗಿ ನಿಂತಿರುತ್ತವೆ. 13 ಕೆಜಿಯದು ಕ್ಯಾರವಾನಿನ ಪೆಟ್ಟಿಗೆಗೆ ಹಿಡಿಸದೇ ಹೋಗಬಹುದು, ಸಣ್ಣದನ್ನು ಕೇಳಿ, ಅಳತೆಯ ಟೇಪು ಜೇಬಿನಲ್ಲಿರಲಿ. ಠೇವಣಿಯ ರಸೀದಿ ಕಳೆದರೆ ಠೇವಣಿಯೂ ಕಳೆದಂತೆ. ಒಂದು ಕಂಪನಿಯ ಖಾಲಿ ಸಿಲಿಂಡರನ್ನು ಇನ್ನೊಂದು ಕಂಪನಿಯವರು ತೆಗೆದುಕೊಳ್ಳಲಿ ಎಂದು ನಿರೀಕ್ಷಿಸಬೇಡಿ. ಜರ್ಮನಿಯಲ್ಲಿ 5 ಮತ್ತು 11 ಕೆಜಿಯ ಪ್ರೊಪೇನ್. ಬೂದು ಬಣ್ಣದ್ದು ಕೊಂಡವರದೇ ಸ್ವಂತ, ಯಾವ ಮಾರಾಟಗಾರರ ಬಳಿಯೂ ಬದಲಿಸಬಹುದು. ಕೆಂಪು ಬಣ್ಣದ್ದು ಆಯಾ ಕಂಪನಿಯ ಸೊತ್ತು. ನೋಡಿ, ಅಲ್ಲಿ ಕೆಂಪಿನ ಅರ್ಥವೇ ಬೇರೆ. ಇನ್ನು ಸ್ಪೇನ್. ಅಲ್ಲಿನ ಬೀದಿಗಳಲ್ಲಿ ಕಾಣುವ ಕಿತ್ತಳೆ ಬಣ್ಣದ 12.5 ಕೆಜಿ ಬ್ಯೂಟೇನ್ ಸಿಲಿಂಡರಿಗೆ ಮನೆಯ ವಿಳಾಸ ಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕು. ನಮ್ಮ ಗ್ಯಾಸ್ ಪುಸ್ತಕದ ಅಣ್ಣನಂತೆ ಅದು. ಎರಡು ವಾರಕ್ಕೆ ಬಂದ ಪ್ರವಾಸಿಗೆ ಆ ತಲೆನೋವು ಬೇಡ.

ಮೂರನೆಯದು ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಸ್ವಂತ ಸಿಲಿಂಡರ್. ಗ್ಯಾಸ್ಲೋ, ಸೇಫ್‌ಫಿಲ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಕಾರಿಗೆ ಎಲ್‌ಪಿಜಿ ಹಾಕುವ ಬಂಕಿನಲ್ಲಿ ನೀವೇ ತುಂಬಿಸಿಕೊಳ್ಳಬಹುದು. ಶೇಕಡಾ 80 ತುಂಬಿದೊಡನೆ ತಾನಾಗಿ ನಿಲ್ಲುವ ವಾಲ್ವ್ ಅದರೊಳಗಿದೆ. ಉಳಿದ ಜಾಗ ಬಿಸಿಲಿಗೆ ದ್ರವ ಹಿಗ್ಗಲು. ಈ ವಾಲ್ವ್ ಮಾಮೂಲು ಸಿಲಿಂಡರಿನಲ್ಲಿಲ್ಲ. ಆದ್ದರಿಂದ ಬಾಡಿಗೆಯ ಕೆಂಪು ಸಿಲಿಂಡರನ್ನು ಬಂಕಿನಲ್ಲಿ ತುಂಬಿಸಿಕೊಡುತ್ತೇನೆ ಎನ್ನುವ ಸ್ನೇಹಿತರಿಂದ ದೂರವಿರಿ. ಮೊದಲ ಖರ್ಚು ನೂರಾರು ಪೌಂಡ್. ವರ್ಷಕ್ಕೆ ಒಂದು ವಾರ ಹೊರಡುವವರಿಗೆ ಆ ದುಡ್ಡು ಹುಟ್ಟುವುದೇ ಇಲ್ಲ. ಬಂಕಿನ ಪೈಪಿನ ಮೂತಿ ಮತ್ತೆ ದೇಶಕ್ಕೊಂದು: ಫ್ರಾನ್ಸ್, ಇಟಲಿಗೆ ತಟ್ಟೆಯಾಕಾರದ್ದು, ಜರ್ಮನಿ, ಬೆಲ್ಜಿಯಮ್ಮಿಗೆ ಆಕ್ಮೆ ಎಂಬ ತಿರುಪಿನದು, ಸ್ಪೇನ್, ಪೋರ್ಚುಗಲ್ಲಿಗೆ ಯುರೋ ಮೂತಿ. ಮೂರೂ ಅಡಾಪ್ಟರುಗಳನ್ನು ಒಂದು ಬಟ್ಟೆ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಕೆಲವು ಬಂಕುಗಳಲ್ಲಿ ಕೈಯಲ್ಲಿ ಹಿಡಿದು ತಂದ ಸಿಲಿಂಡರಿಗೆ ತುಂಬಲು ಬಿಡುವುದಿಲ್ಲ. ಗಾಡಿಗೆ ಜಡಿದು, ಹೊರಗೋಡೆಯಲ್ಲಿ ತುಂಬುವ ಮೂತಿ ಇಡಿಸಿಕೊಂಡಿದ್ದರೆ ತಕರಾರು ಕಡಿಮೆ.

ಬ್ರಿಟನ್ ಮತ್ತು ಫ್ರಾನ್ಸಿನ ನಡುವಿನ ಕಡಲಡಿಯ ಸುರಂಗದಲ್ಲಿ ಗಾಡಿಯನ್ನು ರೈಲಿನ ಮೇಲೆ ಹತ್ತಿಸಿ ಹೋಗುವವರಿಗೆ ಒಂದು ಮಿತಿ ಇದೆ: ಎತ್ತಿ ಒಯ್ಯುವ ಸಿಲಿಂಡರ್ ಒಂದೇ ಆದರೆ 47 ಕೆಜಿವರೆಗೆ, ಹೆಚ್ಚಿದ್ದರೆ ಎಲ್ಲ ಸೇರಿ 50 ಕೆಜಿ. ನಮ್ಮ 6 ಕೆಜಿಗೆ ಭಯವಿಲ್ಲ. ಆದರೆ ಗ್ಯಾಸಿನಿಂದ ಓಡುವ ಕಾರನ್ನು ಒಳಗೆ ಬಿಡುವುದಿಲ್ಲ, ಪೆಟ್ರೋಲಿನಲ್ಲೂ ಓಡುತ್ತದೆ ಎಂದರೂ. ರೈಲಾಗಲಿ ಹಡಗಾಗಲಿ, ಹತ್ತುವ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು.

ಕೊನೆಯದಾಗಿ ನೆಲದಲ್ಲಿರುವ ತೂತುಗಳ ವಿಷಯ. ಎರಡೂ ಗ್ಯಾಸುಗಳು ಗಾಳಿಗಿಂತ ಭಾರ, ಬ್ಯೂಟೇನ್ ಸುಮಾರು ಎರಡು ಪಟ್ಟು. ಸೋರಿದರೆ ಮೇಲೇರುವುದಿಲ್ಲ, ನೀರಿನಂತೆ ತಗ್ಗಿಗಿಳಿದು ನಿಲ್ಲುತ್ತದೆ. ಅದು ಹೊರಹೋಗಲೆಂದೇ ಸಿಲಿಂಡರ್ ಪೆಟ್ಟಿಗೆಯ ಅಡಿಯಲ್ಲೂ ಕ್ಯಾರವಾನಿನ ನೆಲದಲ್ಲೂ ತೂತು ಕೊರೆದಿರುತ್ತಾರೆ. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಮೊದಲ ರಾತ್ರಿಯೇ ಹಳೆಯ ಟವೆಲ್ಲನ್ನು ಮಡಿಸಿ ಒಲೆಯ ಕೆಳಗಿನ ತೂತಿಗೆ ತುರುಕಿದ್ದರು. "ಥಂಡಿ ಗಾಳಿ ನುಗ್ಗುತ್ತದೆ, ಮಗುವಿಗೆ ನೆಗಡಿಯಾಗುತ್ತದೆ" ಎಂಬುದು ಅವರ ವಾದ. "ಅತ್ತೆ, ಆ ತೂತು ಗಾಳಿ ಬರಲಿಕ್ಕಲ್ಲ, ಗ್ಯಾಸ್ ಹೋಗಲಿಕ್ಕೆ" ಎಂದು ಟವೆಲ್ ತೆಗೆದೆ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಮಗುವಿನ ಕಾಲುಚೀಲ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಏಳುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆಂದು ಅಲಾರಂ ಒಂದನ್ನೂ ಹಾಕಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಕೂಗಿಸಿ ನೋಡಿ.

ಗ್ಯಾಸಿನ ಮಾತಲ್ಲದಿದ್ದರೂ ಒಲೆಗೆ ಸಂಬಂಧಪಟ್ಟದ್ದೊಂದು. 2021ರಿಂದ ಬ್ರಿಟನ್ನಿನಿಂದ ಯುರೋಪಿನ ಒಕ್ಕೂಟದೊಳಗೆ ಮಾಂಸ, ಹಾಲು, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪವೂ ಹಾಲಿನದೇ. ಫ್ರಾನ್ಸಿನ ಬಂದರು ಕ್ಯಾಲೆಯಲ್ಲಿ ಇಳಿದ ಮೇಲೆ ಉಪ್ಪಿಲ್ಲದ ಫ್ರೆಂಚ್ ಬೆಣ್ಣೆ ಕೊಂಡು ನೀವೇ ಕಾಯಿಸಿಕೊಳ್ಳಿ, ಘಮ ಚೆನ್ನಾಗಿಯೇ ಬರುತ್ತದೆ. ಗ್ಯಾಸಿನ ಲೆಕ್ಕಕ್ಕೆ ಇನ್ನೊಂದು ಇಪ್ಪತ್ತು ನಿಮಿಷ ಸಣ್ಣ ಉರಿ ಸೇರಿಸಿಕೊಳ್ಳಿ.